ಟ್ಯಾಪೆಸ್ಟ್ರಿ ಕ್ರೋಶೆಯಲ್ಲಿ ಚಿತ್ತಾರದ ನೆಲದ ಕುಶನ್: ಸಮಗ್ರ ಮಾರ್ಗದರ್ಶಿ

ಎರಡು ಬಣ್ಣದ ದಾರಗಳಲ್ಲಿ ಒಂದರಿಂದ ಹೊಲಿಗೆ ಹಾಕುತ್ತಾ, ಇನ್ನೊಂದನ್ನು ಅದೇ ಹೊಲಿಗೆಗಳ ಒಳಗೆ ಮುಚ್ಚಿಕೊಂಡು ಸಾಗುವ ವಿಧಾನಕ್ಕೆ ಟ್ಯಾಪೆಸ್ಟ್ರಿ ಕ್ರೋಶೆ ಎನ್ನುತ್ತಾರೆ. ಹೀಗೆ ಹೆಣೆದ ಬಟ್ಟೆ ದಪ್ಪನಾಗಿ, ಬಿಗಿಯಾಗಿ, ಎಳೆದರೂ ಹೆಚ್ಚು ಹಿಗ್ಗದಂತೆ ಇರುತ್ತದೆ; ಹಿಂಬದಿಯಲ್ಲಿ ದಾರಗಳು ಜೋತು ಬೀಳುವುದಿಲ್ಲ. ನೆಲದ ಮೇಲಿಟ್ಟು ಕೂರುವ ಕುಶನ್‌ಗೆ ಬೇಕಾದ ಗುಣಗಳು ಇವೇ ಆಗಿರುವುದರಿಂದ, ಶಾಲು ಅಥವಾ ಅಂಗಿಗೆ ಅಷ್ಟಾಗಿ ಒಗ್ಗದ ಈ ವಿಧಾನ ಇಲ್ಲಿ ಅತ್ಯಂತ ಸೂಕ್ತವಾಗಿದೆ. ಈ ಮಾರ್ಗದರ್ಶಿಯಲ್ಲಿ ಸುಮಾರು 50 ಸೆಂ.ಮೀ. ವ್ಯಾಸ ಮತ್ತು 20 ಸೆಂ.ಮೀ. ಎತ್ತರದ ದುಂಡು ಕುಶನ್ ಒಂದನ್ನು ಮೊದಲ ಕುಣಿಕೆಯಿಂದ ತುಂಬುವಿಕೆಯವರೆಗೆ ವಿವರಿಸಲಾಗಿದೆ. ಚೈನ್, ಸ್ಲಿಪ್ ಸ್ಟಿಚ್, ಸಿಂಗಲ್ ಕ್ರೋಶೆ ಮತ್ತು ಮ್ಯಾಜಿಕ್ ರಿಂಗ್ ತಿಳಿದಿದ್ದರೆ ಸಾಕು. ಇಲ್ಲಿ ಸಿಂಗಲ್ ಕ್ರೋಶೆ ಎಂದಿರುವುದು ಅಮೆರಿಕನ್ ರೂಢಿಯ ಹೆಸರು. ಬ್ರಿಟಿಷ್ ಪುಸ್ತಕಗಳಲ್ಲಿ ಇದೇ ಹೊಲಿಗೆಯನ್ನು ಡಬಲ್ ಕ್ರೋಶೆ ಎಂದು ಬರೆದಿರುತ್ತಾರೆ.

ಹೆಚ್ಚಿನವರು ಮೊದಲು ಚಿತ್ತಾರದ ಬಗ್ಗೆ ಯೋಚಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಕುಶನ್ ಚೆನ್ನಾಗಿ ಬರುವುದೂ ಕೆಡುವುದೂ ಚಿತ್ತಾರದಿಂದಲ್ಲ, ಹೊಲಿಗೆಯೊಳಗೆ ಅಡಗಿರುವ ದಾರದಿಂದ. ಅದನ್ನು ಮುಂದೆ ‘ಒಳದಾರ’ ಎಂದು ಕರೆಯುತ್ತೇನೆ. ಅದು ಆದಿಯಿಂದ ಅಂತ್ಯದವರೆಗೆ ಒಂದೇ ಬಿಗಿಯಲ್ಲಿ, ಎಲ್ಲೂ ತಪ್ಪದೆ ಸಾಗಿದರೆ ಅತ್ಯಂತ ಸರಳ ಚಿತ್ತಾರವೂ ಅಚ್ಚುಕಟ್ಟಾಗಿ ಕಾಣುತ್ತದೆ.

ದಾರ, ಕಡ್ಡಿ ಮತ್ತು ಬಣ್ಣ

ಸುಮಾರು 3 ಮಿ.ಮೀ. ದಪ್ಪದ, ಮೃದುವಾದ ಹತ್ತಿ ದಾರ ಮತ್ತು 5 ಮಿ.ಮೀ. ಕ್ರೋಶೆ ಕಡ್ಡಿಯನ್ನು ಇಲ್ಲಿ ಆಧಾರವಾಗಿ ಇಟ್ಟುಕೊಂಡಿದ್ದೇನೆ. ಹತ್ತಿ ಹಿಗ್ಗುವುದು ಕಡಿಮೆ, ಉಜ್ಜಾಟವನ್ನು ತಡೆಯುತ್ತದೆ, ಒಗೆಯುವುದೂ ಸುಲಭ. ಉಣ್ಣೆ ದಾರದ ನವಿರು ಎಳೆಗಳು ಒಂದಕ್ಕೊಂದು ಅಂಟಿಕೊಂಡು ಒಳದಾರವನ್ನು ಚೆನ್ನಾಗಿ ಮರೆಮಾಡುತ್ತವೆಯಾದರೂ, ಜನ ಕೂತು ಏಳುವ ಜಾಗದಲ್ಲಿ ಅದು ಬೇಗ ಗುಳ್ಳೆಗಟ್ಟುತ್ತದೆ. ಅಕ್ರಿಲಿಕ್ ದಾರ ಹಗುರ ಮತ್ತು ಅಗ್ಗ. ಆದರೆ ಭಾರ ಬಿದ್ದಂತೆ ನಿಧಾನವಾಗಿ ಹಿಗ್ಗಿ ಕುಶನ್‌ನ ಬದಿಗಳು ಜೋಲುತ್ತವೆ. ದಾರದ ಲೇಬಲ್ ಸೂಚಿಸುವ ಕಡ್ಡಿಗಿಂತ ಅರ್ಧದಿಂದ ಒಂದು ಮಿ.ಮೀ. ಸಣ್ಣ ಕಡ್ಡಿಯನ್ನು ಆರಿಸುವುದು ಈ ವಿಧಾನಕ್ಕೆ ಒಳ್ಳೆಯದು. ಹೊಲಿಗೆ ಸಡಿಲವಾದಷ್ಟೂ ಒಳದಾರ ಹೊರಗೆ ಇಣುಕುತ್ತದೆ.

ನಮ್ಮ ಕುಶನ್‌ಗೆ ಮೂರು ಬಣ್ಣಗಳು ಬೇಕು: ಹಿನ್ನೆಲೆಗೆ ತಳಬಣ್ಣ, ಚಿತ್ತಾರಕ್ಕೆ ಚಿತ್ರಬಣ್ಣ, ಮತ್ತು ಅಲ್ಪ ಪ್ರಮಾಣದಲ್ಲಿ ಅಂಚುಬಣ್ಣ. ಮೊದಲೆರಡರ ನಡುವೆ ಗಾಢತೆಯ ವ್ಯತ್ಯಾಸ ಎದ್ದು ಕಾಣಬೇಕು. ಎರಡು ಉಂಡೆಗಳನ್ನು ಪಕ್ಕಪಕ್ಕದಲ್ಲಿಟ್ಟು ಫೋನಿನಲ್ಲಿ ಕಪ್ಪುಬಿಳುಪು ಚಿತ್ರ ತೆಗೆದು ನೋಡಿದರೆ, ಕಣ್ಣಿಗೆ ಬೇರೆಬೇರೆಯಾಗಿ ಕಾಣುವ ಕೆಂಪು ಮತ್ತು ಹಸಿರು ಒಂದೇ ಬೂದು ಬಣ್ಣವಾಗಿ ಬೆರೆತುಹೋಗುವುದು ತಿಳಿಯುತ್ತದೆ. ಅಂಥ ಜೋಡಿಯಲ್ಲಿ ಚಿತ್ತಾರ ಮಸುಕಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಅಚ್ಚ ಬಿಳಿಯ ಹೊಲಿಗೆಯೊಳಗೆ ಕಡುಕಪ್ಪು ಒಳದಾರ ಸಾಗಿದರೆ ಬಿಳಿಯ ಮೇಲೆಲ್ಲ ಬೂದು ಚುಕ್ಕಿಗಳ ನೆರಳು ಬೀಳುತ್ತದೆ. ಆದ್ದರಿಂದ ಬಿಳಿಯ ಬದಲು ಕೆನೆಬಣ್ಣ ಅಥವಾ ಮರಳುಬಣ್ಣವನ್ನೂ, ಕಪ್ಪಿನ ಬದಲು ಗಾಢ ನೀಲಿ ಅಥವಾ ಇಟ್ಟಿಗೆಗೆಂಪನ್ನೂ ಆರಿಸುವುದು ಜಾಣತನ. ಗಾಢ ಬಣ್ಣದ ದಾರದ ತುಂಡೊಂದನ್ನು ಒದ್ದೆಯಾದ ಬಿಳಿ ಬಟ್ಟೆಯಲ್ಲಿ ಸುತ್ತಿ ರಾತ್ರಿಯಿಡೀ ಇಟ್ಟು, ಬಣ್ಣ ಬಿಡುವುದೇ ಎಂದು ಮೊದಲೇ ಪರೀಕ್ಷಿಸಿ. ಬಣ್ಣ ಬಿಡುವ ದಾರವಾದರೆ ಅದನ್ನು ಈ ಕೆಲಸಕ್ಕೆ ಬಳಸಲೇಬೇಡಿ. ತಿಳಿಬಣ್ಣದ ಹೊಲಿಗೆಯೊಳಗೆ ಹುದುಗಿರುವ ದಾರದಿಂದ ಹರಡಿದ ಕಲೆಯನ್ನು ಆಮೇಲೆ ತೆಗೆಯಲಾಗದು.

ಇವಲ್ಲದೆ ಒಂದು ಸ್ಟಿಚ್ ಮಾರ್ಕರ್‌ಗಳ ಕಟ್ಟು, ದಪ್ಪ ಕಣ್ಣಿನ ಮೊಂಡು ಸೂಜಿ, ಅಳತೆಪಟ್ಟಿ ಮತ್ತು ಗ್ರಾಂ ಲೆಕ್ಕದ ತಕ್ಕಡಿ ಬೇಕು.

ಒಳದಾರವನ್ನು ಸಾಗಿಸುವ ಬಗೆ

ಹೊಲಿಗೆ ಹಾಕದ ದಾರವನ್ನು ಹಿಂದಿನ ಸುತ್ತಿನ ಹೊಲಿಗೆಗಳ ನೆತ್ತಿಯ ಮೇಲೆ ಮಲಗಿಸಿ. ಕಡ್ಡಿಯನ್ನು ಹೊಲಿಗೆಯ ಎರಡೂ ಎಳೆಗಳ ಕೆಳಗೆ ತೂರಿಸಿದಾಗ ಒಳದಾರ ಕಡ್ಡಿಯ ಮೇಲುಗಡೆ ಇರುತ್ತದೆ. ಆಗ ಕೆಲಸದ ದಾರವನ್ನು ಎಳೆದು ತಂದರೆ ಒಳದಾರ ಹೊಲಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ. ಹತ್ತು ಹನ್ನೆರಡು ಹೊಲಿಗೆಗಳಿಗೊಮ್ಮೆ ಹೆಣೆದ ಭಾಗವನ್ನು ಎರಡೂ ಕೈಗಳಿಂದ ತುಸು ಹಿಗ್ಗಿಸಿ, ನಂತರ ಒಳದಾರವನ್ನು ಅದರ ಸಡಿಲ ಹೋಗುವಷ್ಟು ಮಾತ್ರ ಎಳೆಯಿರಿ. ಮೊದಲು ಹಿಗ್ಗಿಸಿ ಆಮೇಲೆ ಎಳೆಯುವ ಈ ಕ್ರಮ ಮುಖ್ಯ. ಹಿಗ್ಗಿಸದೆ ಎಳೆದರೆ ಒಳದಾರ ಗಿಡ್ಡವಾಗಿ ಇಡೀ ಸುತ್ತು ಸುಕ್ಕುಗಟ್ಟುತ್ತದೆ; ಎಳೆಯದೇ ಬಿಟ್ಟರೆ ಅಲ್ಲಲ್ಲಿ ಸಣ್ಣ ಗಂಟಿನಂತೆ ಹೊರಗೆ ಚಾಚುತ್ತದೆ.

ಬಣ್ಣ ಬದಲಿಸುವುದು ಹೊಸ ಬಣ್ಣದ ಹೊಲಿಗೆಯಲ್ಲಲ್ಲ, ಅದಕ್ಕೂ ಹಿಂದಿನ ಹೊಲಿಗೆಯ ಕೊನೆಯ ಹಂತದಲ್ಲಿ. ಹಳೆಯ ಬಣ್ಣದ ಕೊನೆಯ ಸಿಂಗಲ್ ಕ್ರೋಶೆಯನ್ನು ಆರಂಭಿಸಿ, ಕಡ್ಡಿಯ ಮೇಲೆ ಎರಡು ಕುಣಿಕೆಗಳು ಉಳಿದಾಗ ಹಳೆಯ ದಾರವನ್ನು ಬಿಟ್ಟು, ಹೊಸ ದಾರವನ್ನು ಆ ಎರಡೂ ಕುಣಿಕೆಗಳ ಮೂಲಕ ಎಳೆಯಿರಿ. ಹೊಲಿಗೆಯ ನೆತ್ತಿಯಲ್ಲಿ ಕೂರುವ ಕುಣಿಕೆ ಮುಂದಿನ ಹೊಲಿಗೆಗೆ ಸೇರಿದ್ದಾದ್ದರಿಂದಲೇ ಈ ನಿಯಮ. ಇದನ್ನು ಮರೆತರೆ ಪ್ರತಿ ಬಣ್ಣದ ಗಡಿಯಲ್ಲೂ ಅರ್ಧ ಹೊಲಿಗೆಯಷ್ಟು ಹಳೆಯ ಬಣ್ಣ ಚಾಚಿಕೊಂಡು ಗೆರೆ ಹರಿದಂತೆ ಕಾಣುತ್ತದೆ. ಬದಲಿಸುವಾಗ ಚಿತ್ರಬಣ್ಣವನ್ನು ಯಾವಾಗಲೂ ಮುಂದಿನಿಂದ, ತಳಬಣ್ಣವನ್ನು ಯಾವಾಗಲೂ ಹಿಂದಿನಿಂದ ತರುವ ಅಭ್ಯಾಸ ಮಾಡಿಕೊಂಡರೆ ಎರಡು ದಾರಗಳು ಒಂದಕ್ಕೊಂದು ಹುರಿಗೊಳ್ಳುವುದಿಲ್ಲ. ಉಂಡೆಗಳನ್ನು ಎಡಕ್ಕೊಂದು ಬಲಕ್ಕೊಂದು ಇರಿಸಿಕೊಳ್ಳಿ.

ಸುತ್ತುಗಳನ್ನು ಸುರುಳಿಯಾಗಿ, ಅಂದರೆ ಸ್ಲಿಪ್ ಸ್ಟಿಚ್‌ನಿಂದ ಮುಚ್ಚದೆ, ಮುಂಬದಿಯನ್ನೇ ನೋಡುತ್ತಾ ಹೆಣೆಯಬೇಕು. ಪ್ರತಿ ಸುತ್ತಿನ ಮೊದಲ ಹೊಲಿಗೆಗೆ ಮಾರ್ಕರ್ ಹಾಕಿ, ಸುತ್ತು ಮುಗಿದಾಗ ಅದನ್ನು ಮೇಲಕ್ಕೆ ಸರಿಸಿ. ಸುರುಳಿಯಲ್ಲಿ ಬಣ್ಣದ ಪಟ್ಟಿ ಶುರುವಾಗುವ ಜಾಗದಲ್ಲಿ ಒಂದು ಮೆಟ್ಟಿಲು ಉಳಿಯುತ್ತದೆ. ಅದನ್ನು ಗೋಡೆಯ ಕಡೆಗೆ ತಿರುಗಿಸಿಟ್ಟರೆ ಸಾಕು. ಮುಚ್ಚಿದ ಸುತ್ತುಗಳಲ್ಲಿ ಮೂಡುವ ಉದ್ದನೆಯ ಕಲೆಗಿಂತ ಇದು ಎಷ್ಟೋ ಮೇಲು.

ಬಲಗೈಯವರ ಸಿಂಗಲ್ ಕ್ರೋಶೆ ಹೀಗೆ ಒಂದೇ ದಿಕ್ಕಿನಲ್ಲಿ ಸಾಗಿದಾಗ ಮೇಲೇರುತ್ತಾ ಬಲಕ್ಕೆ ವಾಲುತ್ತದೆ, ಎಡಗೈಯವರದು ಎಡಕ್ಕೆ. ಇದು ಹೊಲಿಗೆಯ ಸ್ವಭಾವವೇ ಹೊರತು ಹೆಣೆಯುವವರ ದೋಷವಲ್ಲ. ವಜ್ರಾಕೃತಿಯಲ್ಲಿ ಒಂದು ಬದಿಯ ಓರೆ ನಯವಾಗಿಯೂ ಇನ್ನೊಂದು ಬದಿಯದು ಮೆಟ್ಟಿಲಾಗಿಯೂ ಕಾಣುವುದಕ್ಕೆ ಕಾರಣ ಇದೇ. ನೇರ ಲಂಬಗೆರೆಗಳೇ ಬೇಕೆಂದರೆ ಹೊಲಿಗೆಯ ನೆತ್ತಿಯ ಬದಲು ಅದರ ಮೈಯಲ್ಲಿ ಕಾಣುವ ‘ವಿ’ ಆಕಾರದ ನಡುವೆ ಕಡ್ಡಿ ತೂರಿಸುವ ವೇಸ್ಟ್‌ಕೋಟ್ ಸ್ಟಿಚ್ ಬಳಸಬಹುದು. ಆದರೆ ಅದಕ್ಕೆ ದೊಡ್ಡ ಕಡ್ಡಿಯೂ ಸಡಿಲ ಕೈಯೂ ಬೇಕು, ಬಟ್ಟೆಯೂ ಹಲಗೆಯಷ್ಟು ಗಡುಸಾಗುತ್ತದೆ. ಕೂರುವ ಕುಶನ್‌ಗೆ ನಾನು ಅದನ್ನು ಶಿಫಾರಸು ಮಾಡುವುದಿಲ್ಲ. ವಾಲುವಿಕೆಯನ್ನು ಒಪ್ಪಿಕೊಂಡು, ಅದು ಶೋಭಿಸುವ ಚಿತ್ತಾರವನ್ನು ಆರಿಸುವುದು ಉತ್ತಮ. ಕೊಲಂಬಿಯಾ ಮತ್ತು ವೆನೆಜುವೆಲಾ ದೇಶಗಳಿಗೆ ಹಂಚಿಹೋಗಿರುವ ಗ್ವಾಹೀರಾ ಪರ್ಯಾಯದ್ವೀಪದ ವಯೂ ಮಹಿಳೆಯರು ಹೆಣೆಯುವ ಮೊಚಿಲಾ ಚೀಲಗಳನ್ನು ನೋಡಿದವರಿಗೆ ಈ ಮಾತು ಸ್ಪಷ್ಟವಾಗುತ್ತದೆ. ತಳದ ದುಂಡು ಬಿಲ್ಲೆಯಿಂದ ಶುರುವಾಗಿ ಸುರುಳಿಯಲ್ಲೇ ಗೋಡೆಯಾಗಿ ಮೇಲೇಳುವ ಆ ಚೀಲಗಳ ರಚನೆಯೇ ನಮ್ಮ ಕುಶನ್‌ನ ರಚನೆಯೂ ಆಗಿದೆ.

ಅಳತೆಯ ಲೆಕ್ಕ

ಸಿಂಗಲ್ ಕ್ರೋಶೆಯ ಚಪ್ಪಟೆ ವೃತ್ತಕ್ಕೆ ಪ್ರತಿ ಸುತ್ತಿನಲ್ಲಿ 6 ಹೊಲಿಗೆ ಹೆಚ್ಚಿಸಬೇಕೆಂಬ ನಿಯಮಕ್ಕೆ ಸರಳ ಕಾರಣವಿದೆ. ಒಂದು ಸುತ್ತು ಸೇರಿದಾಗ ತ್ರಿಜ್ಯ ಒಂದು ಹೊಲಿಗೆಯ ಎತ್ತರದಷ್ಟು ಬೆಳೆಯುತ್ತದೆ, ಪರಿಧಿ ಅದರ 6.28 ಪಟ್ಟು ಬೆಳೆಯುತ್ತದೆ. ಹೊಲಿಗೆಯ ಎತ್ತರ ಮತ್ತು ಅಗಲ ಸಮವಾಗಿದ್ದರೆ 6 ಹೆಚ್ಚಳ ಸಾಕು. ಹೊಲಿಗೆ ಅಗಲಕ್ಕಿಂತ ಎತ್ತರವಾಗಿದ್ದರೆ ವೃತ್ತ ಬಟ್ಟಲಿನಂತೆ ಒಳಗೆ ಬಾಗುತ್ತದೆ. ಗಿಡ್ಡವಾಗಿದ್ದರೆ ಅಂಚು ಅಲೆಯಲೆಯಾಗುತ್ತದೆ.

ನಮ್ಮ ಲೆಕ್ಕ 10 ಸೆಂ.ಮೀ.ಗೆ 12 ಹೊಲಿಗೆ ಮತ್ತು 12 ಸುತ್ತು ಎಂಬ ಅಳತೆಯನ್ನು ಆಧರಿಸಿದೆ. ಇದನ್ನು ಪರೀಕ್ಷಿಸಲು ಚೌಕದ ಮಾದರಿ ಹೆಣೆಯಬೇಡಿ, ಏಕೆಂದರೆ ತಿರುಗಿಸಿ ಹೆಣೆದ ಸಾಲುಗಳ ಬಿಗಿಯೂ ನೋಟವೂ ಬೇರೆ. ಕುಶನ್‌ನ ಮೊದಲ 12 ಸುತ್ತುಗಳನ್ನು ಒಳದಾರದ ಸಮೇತ ಹೆಣೆದು ಅಳೆಯಿರಿ. ಬಿಲ್ಲೆಯ ವ್ಯಾಸ 20 ಸೆಂ.ಮೀ. ಇರಬೇಕು. ಹೆಚ್ಚಿದ್ದರೆ ಕಡ್ಡಿಯನ್ನು ಅರ್ಧ ಮಿ.ಮೀ. ಕಿರಿದಾಗಿಸಿ, ಕಡಿಮೆ ಇದ್ದರೆ ಹಿರಿದಾಗಿಸಿ. ವ್ಯಾಸ ಸರಿಯಿದ್ದೂ ಬಿಲ್ಲೆ ಬಹಳ ಬಾಗಿದ್ದರೆ ಮೊದಲ ಕುಣಿಕೆಯನ್ನು ಮೇಲಕ್ಕೆ ಎಳೆಯುವಾಗ ಉದ್ದ ಬಿಡುತ್ತಿದ್ದೀರಿ ಎಂದರ್ಥ. ಅದನ್ನು ಗಿಡ್ಡ ಮಾಡಿ. ತುಸು ಬಾಗು ಇದ್ದರೆ ಚಿಂತೆಯಿಲ್ಲ, ತುಂಬಿದ ಮೇಲೆ ಕುಶನ್‌ನ ಮೇಲ್ಮೈ ಹೇಗೂ ಉಬ್ಬಿ ನಿಲ್ಲುತ್ತದೆ.

ಅದೇ ಬಿಲ್ಲೆಯಿಂದ ದಾರದ ಪ್ರಮಾಣವನ್ನೂ ತಿಳಿಯಬಹುದು. 12 ಸುತ್ತುಗಳಲ್ಲಿ ಒಟ್ಟು 468 ಹೊಲಿಗೆಗಳಿವೆ. ಪೂರ್ತಿ ಕುಶನ್‌ನಲ್ಲಿ ಮೇಲ್ಭಾಗಕ್ಕೆ 2,790, ತಳಕ್ಕೆ 2,790, ಗೋಡೆಗೆ 4,320, ಹೀಗೆ 9,900 ಹೊಲಿಗೆಗಳು. ಅಂದರೆ ಬಿಲ್ಲೆಯ 21 ಪಟ್ಟಿಗಿಂತ ತುಸು ಹೆಚ್ಚು. ಬಿಲ್ಲೆ 60 ಗ್ರಾಂ ತೂಗಿದರೆ ಒಟ್ಟು ಸುಮಾರು 1,270 ಗ್ರಾಂ ದಾರ ಬೇಕು. ಅದರ ಮೇಲೆ ಹತ್ತನೇ ಒಂದು ಭಾಗ ಸೇರಿಸಿ ಒಂದೇ ಬಾರಿಗೆ, ಪ್ರತಿ ಬಣ್ಣಕ್ಕೂ ಒಂದೇ ಪಾಕದಲ್ಲಿ ಅದ್ದಿ ಬಣ್ಣ ಹಾಕಿದ ಉಂಡೆಗಳನ್ನು ಕೊಳ್ಳಿ. ಬಣ್ಣವಾರು ಹಂಚುವಾಗ ಒಳದಾರವನ್ನು ಮರೆಯಬೇಡಿ: ಮೇಲ್ಭಾಗವೊಂದರಲ್ಲೇ ಸುಮಾರು 23 ಮೀಟರ್ ದಾರ ಹೊಲಿಗೆಗಳೊಳಗೆ ಅಡಗಿ ಹೋಗುತ್ತದೆ. ಚಿತ್ತಾರ ಚಿಕ್ಕದೆಂದು ಚಿತ್ರಬಣ್ಣವನ್ನು ಕಡಿಮೆ ಕೊಂಡವರಿಗೆ ಕೊರತೆಯಾಗುವುದು ಇಲ್ಲಿಯೇ.

ಮೇಲ್ಭಾಗ: ಆರು ಎಸಳಿನ ಹೂವು

ತಳಬಣ್ಣದಲ್ಲಿ ಮ್ಯಾಜಿಕ್ ರಿಂಗ್ ಮಾಡಿ 6 ಸಿಂಗಲ್ ಕ್ರೋಶೆ ಹಾಕಿ. ಎರಡನೇ ಸುತ್ತಿನಲ್ಲಿ ಪ್ರತಿ ಹೊಲಿಗೆಯಲ್ಲೂ ಎರಡು ಹಾಕಿ 12 ಮಾಡಿ, ಇಲ್ಲಿಂದಲೇ ಚಿತ್ರಬಣ್ಣವನ್ನು ಒಳದಾರವಾಗಿ ಸೇರಿಸಿ. ಚಿತ್ತಾರ ಶುರುವಾಗುವುದು ಎಂಟನೇ ಸುತ್ತಿನಲ್ಲಾದರೂ ಈಗಲೇ ಸೇರಿಸಬೇಕು. ಇಲ್ಲವಾದರೆ ನಡುಭಾಗ ತೆಳುವಾಗಿ, ಸುತ್ತಲಿನ ಭಾಗ ದಪ್ಪವಾಗಿ, ಅವು ಕೂಡುವಲ್ಲಿ ಏಣು ಮೂಡುತ್ತದೆ. ಮೂರನೇ ಸುತ್ತಿನಿಂದ ಏಳನೆಯದರವರೆಗೆ ಪ್ರತಿ ಸುತ್ತಿನಲ್ಲಿ 6 ಹೆಚ್ಚಿಸುತ್ತಾ 42 ಹೊಲಿಗೆಗಳಿಗೆ ಬನ್ನಿ. ವೃತ್ತವನ್ನು ಆರು ಹೋಳುಗಳೆಂದು ಭಾವಿಸಿ, ಪ್ರತಿ ಹೋಳಿನ ಕೊನೆಯ ಹೊಲಿಗೆಯಲ್ಲಿ ಹೆಚ್ಚಿಸಿ. ಹೀಗೆ ಮಾಡಿದರೆ ಎಷ್ಟನೇ ಸುತ್ತೋ ಅಷ್ಟೇ ಹೊಲಿಗೆಗಳು ಪ್ರತಿ ಹೋಳಿನಲ್ಲಿ ಇರುತ್ತವೆ. ಎಣಿಕೆ ತಪ್ಪಿದರೆ ಕೂಡಲೇ ಗೊತ್ತಾಗುತ್ತದೆ. ಆರೂ ಹೋಳುಗಳ ಗಡಿಗೆ ಮಾರ್ಕರ್ ಹಾಕಿಕೊಳ್ಳಿ.

ಎಂಟನೇ ಸುತ್ತಿನಲ್ಲಿ ಪ್ರತಿ ಹೋಳಿಗೆ 6 ತಳಬಣ್ಣದ ಹೊಲಿಗೆ ಹಾಕಿ, ಏಳನೆಯದರಲ್ಲಿ ಒಂದು ತಳಬಣ್ಣ, ಒಂದು ಚಿತ್ರಬಣ್ಣ ಹಾಕಿ. ಒಂಬತ್ತನೆಯದರಿಂದ ಹದಿನೈದನೇ ಸುತ್ತಿನವರೆಗೆ ತಳಬಣ್ಣ ಪ್ರತಿ ಹೋಳಿನಲ್ಲಿ 7 ಹೊಲಿಗೆಯಾಗಿಯೇ ಉಳಿಯುತ್ತದೆ. ಹೆಚ್ಚಳವೆಲ್ಲ ಚಿತ್ರಬಣ್ಣದ ಕೊನೆಯ ಹೊಲಿಗೆಯಲ್ಲಿ ಆಗುತ್ತದೆ. ಹೀಗೆ ಚಿತ್ರಬಣ್ಣ 2, 3, 4 ಎಂದು ಬೆಳೆದು ಹದಿನೈದನೇ ಸುತ್ತಿನಲ್ಲಿ 8 ಆಗುತ್ತದೆ.

ಹದಿನಾರರಿಂದ ಇಪ್ಪತ್ತೆರಡನೇ ಸುತ್ತಿನವರೆಗೆ ಎಸಳು ಕಿರಿದಾಗುತ್ತಾ ಹೋಗುತ್ತದೆ. ಪ್ರತಿ ಹೋಳಿನ ಮೊದಲ ತಳಬಣ್ಣದ ಹೊಲಿಗೆಯಲ್ಲಿ ಎರಡು ತಳಬಣ್ಣ ಹಾಕಿ, ಉಳಿದ ತಳಬಣ್ಣದ ಮೇಲೆ ತಳಬಣ್ಣವನ್ನೇ ಹಾಕಿ, ಚಿತ್ರಬಣ್ಣದ ಮೊದಲ ಹೊಲಿಗೆಯನ್ನೂ ತಳಬಣ್ಣದಿಂದ ಮುಚ್ಚಿ, ಮಿಕ್ಕವನ್ನು ಚಿತ್ರಬಣ್ಣದಲ್ಲಿ ಹೆಣೆಯಿರಿ. ಹದಿನಾರನೇ ಸುತ್ತಿನಲ್ಲಿ 9 ತಳಬಣ್ಣ ಮತ್ತು 7 ಚಿತ್ರಬಣ್ಣ, ಹದಿನೇಳರಲ್ಲಿ 11 ಮತ್ತು 6, ಹೀಗೆ ಇಪ್ಪತ್ತೆರಡರಲ್ಲಿ 21 ಮತ್ತು 1 ಆಗುತ್ತದೆ. ಎಸಳು ಒಂದೇ ಬದಿಯಿಂದ ಕರಗುವುದರಿಂದ ಹೂವು ತಿರುಗುತ್ತಿರುವಂತೆ ಬಾಗುತ್ತದೆ. ಹೊಲಿಗೆಯ ವಾಲುವಿಕೆ ಇಲ್ಲಿ ಚಿತ್ತಾರದ ಚಲನೆಯಲ್ಲೇ ಲೀನವಾಗುತ್ತದೆ. ಹೂವಿಗೆ ಈ ರೂಪವನ್ನು ಆರಿಸಿದ ಉದ್ದೇಶವೇ ಅದು.

ಇಪ್ಪತ್ಮೂರರಿಂದ ಮೂವತ್ತನೇ ಸುತ್ತಿನವರೆಗೆ ಚಿತ್ರವಿಲ್ಲ. ಆದರೆ ಹೆಚ್ಚಳಗಳನ್ನು ಒಂದರ ಮೇಲೊಂದು ಬರಲು ಬಿಟ್ಟರೆ ವೃತ್ತ ಷಟ್ಕೋನವಾಗುತ್ತದೆ; ಆದ್ದರಿಂದ ಒಂದು ಸುತ್ತಿನಲ್ಲಿ ಹೋಳಿನ ನಡುವೆ, ಮುಂದಿನ ಸುತ್ತಿನಲ್ಲಿ ಹೋಳಿನ ಆರಂಭದಲ್ಲಿ ಹೆಚ್ಚಿಸುತ್ತಾ ಚದುರಿಸಿ. ಇಪ್ಪತ್ತೇಳು ಮತ್ತು ಇಪ್ಪತ್ತೆಂಟನೇ ಸುತ್ತುಗಳನ್ನು ಅಂಚುಬಣ್ಣದಲ್ಲಿ ಹೆಣೆಯಿರಿ. ಆಗ ತಳಬಣ್ಣವೇ ಒಳದಾರವಾಗಿ ಸಾಗುತ್ತದೆ. ಚಿತ್ರಬಣ್ಣವನ್ನು ಒಳಬದಿಯಲ್ಲಿ ಬಿಟ್ಟಿದ್ದು ಇಪ್ಪತ್ತೊಂಬತ್ತನೆಯದರಲ್ಲಿ ಮತ್ತೆ ಎತ್ತಿಕೊಳ್ಳಿ. ಮೂರು ದಾರಗಳನ್ನು ಒಟ್ಟಿಗೆ ಸಾಗಿಸಬೇಡಿ; ಆ ಭಾಗ ಮಾತ್ರ ಊದಿಕೊಳ್ಳುತ್ತದೆ. ಮೂವತ್ತನೇ ಸುತ್ತಿನ ಕೊನೆಗೆ 180 ಹೊಲಿಗೆಗಳಿರಬೇಕು.

ಗೋಡೆ: ವಜ್ರಗಳ ಎರಡು ಸಾಲು

ಗೋಡೆಗೆ ಒಟ್ಟು 24 ಸುತ್ತುಗಳು, ಹೆಚ್ಚಳವಿಲ್ಲ. ಮೊದಲ ಸುತ್ತನ್ನು ತಳಬಣ್ಣದಲ್ಲಿ, ಹೊಲಿಗೆಯ ಹಿಂದಿನ ಎಳೆಗೆ ಮಾತ್ರ ಕಡ್ಡಿ ತೂರಿಸಿ ಹೆಣೆಯಿರಿ. ಮುಂದಿನ ಎಳೆ ಹಾಗೆಯೇ ಉಳಿದು ಮೇಲ್ಭಾಗ ಮತ್ತು ಗೋಡೆ ಕೂಡುವಲ್ಲಿ ಸ್ಪಷ್ಟವಾದ ಅಂಚು ಮೂಡುತ್ತದೆ. ಅಲ್ಲಿಂದ ಮುಂದೆ ಎಂದಿನಂತೆ ಎರಡೂ ಎಳೆಗಳಿಗೆ ಹೆಣೆಯಿರಿ.

ವಜ್ರದ ಚಿತ್ತಾರ 12 ಹೊಲಿಗೆಗೊಮ್ಮೆ ಮರುಕಳಿಸುತ್ತದೆ. 180ರಲ್ಲಿ ಅದು ಸರಿಯಾಗಿ 15 ಬಾರಿ ಕೂರುತ್ತದೆ. ವಜ್ರದ ಮೊದಲ ಸುತ್ತಿನಲ್ಲಿ 5 ತಳ, 2 ಚಿತ್ರ, 5 ತಳ. ಎರಡನೆಯದರಲ್ಲಿ 4, 4, 4. ಮೂರನೆಯದರಲ್ಲಿ 3, 6, 3. ನಾಲ್ಕನೆಯದರಲ್ಲಿ 2, 8, 2. ಐದು ಮತ್ತು ಆರನೇ ಸುತ್ತುಗಳಲ್ಲಿ ವಜ್ರದ ನಡುವೆ ಕಣ್ಣು ತೆರೆಯುತ್ತದೆ: 1 ತಳ, 4 ಚಿತ್ರ, 2 ತಳ, 4 ಚಿತ್ರ, 1 ತಳ. ಏಳರಿಂದ ಹತ್ತನೇ ಸುತ್ತಿನವರೆಗೆ ನಾಲ್ಕನೆಯದರಿಂದ ಮೊದಲನೆಯದರತ್ತ ಹಿಂದಿರುಗಿ. ನೀವೇ ಬೇರೆ ಚಿತ್ತಾರ ಬರೆಯುವುದಾದರೆ 180ನ್ನು ಭಾಗಿಸುವ 9, 10, 15, 18, 20 ಮೊದಲಾದ ಅಗಲಗಳನ್ನು ಆರಿಸಿ. ನಕ್ಷೆಯನ್ನು ಕೆಳಗಿನಿಂದ ಮೇಲಕ್ಕೆ, ಬಲಗೈಯವರು ಪ್ರತಿ ಸಾಲನ್ನೂ ಬಲದಿಂದ ಎಡಕ್ಕೆ ಓದಬೇಕು. ಆದರೆ ಇಲ್ಲಿ ಗೋಡೆ ಮೇಲ್ಭಾಗದಿಂದ ಕೆಳಕ್ಕೆ ಬೆಳೆಯುವುದರಿಂದ, ಹಕ್ಕಿ ಅಥವಾ ಗಿಡದಂಥ ತಲೆ–ಬುಡವಿರುವ ಚಿತ್ರವನ್ನು ನಕ್ಷೆಯಲ್ಲಿ ತಲೆಕೆಳಗಾಗಿ ಬರೆದುಕೊಳ್ಳಬೇಕು.

ಮೊದಲ ಸಾಲಿನ ಬಳಿಕ ಎರಡು ಸುತ್ತು ತಳಬಣ್ಣ ಹೆಣೆದು, ಇನ್ನೂ 6 ಹೊಲಿಗೆ ಮುಂದಕ್ಕೆ ಹಾಕಿ ಮಾರ್ಕರನ್ನು ಅಲ್ಲಿಗೆ ಸರಿಸಿ, ಎರಡನೇ ಸಾಲಿನ ವಜ್ರಗಳನ್ನು ಶುರುಮಾಡಿ. ಆಗ ಅವು ಮೊದಲ ಸಾಲಿನ ಸಂದುಗಳಿಗೆ ಎದುರಾಗಿ ಬರುತ್ತವೆ. ಕೊನೆಗೆ ಒಂದು ಸುತ್ತು ತಳಬಣ್ಣ ಹೆಣೆದು, ಒಂದು ಸ್ಲಿಪ್ ಸ್ಟಿಚ್‌ನಿಂದ ಸುರುಳಿಯ ಮೆಟ್ಟಿಲನ್ನು ಸಮ ಮಾಡಿ ದಾರ ಕತ್ತರಿಸಿ. ಉಂಡೆ ಮುಗಿದಲ್ಲಿ ಗಂಟು ಹಾಕುವ ಅಗತ್ಯವಿಲ್ಲ. ಹಳೆಯ ಮತ್ತು ಹೊಸ ತುದಿಗಳನ್ನು 15 ಸೆಂ.ಮೀ.ಯಷ್ಟು ಒಳದಾರದ ಜೊತೆಗೇ ಮಲಗಿಸಿ ಹೆಣೆದರೆ ಅವು ಗಟ್ಟಿಯಾಗಿ ಸಿಕ್ಕಿಕೊಳ್ಳುತ್ತವೆ.

ತಳ, ಒಳಚೀಲ ಮತ್ತು ತುಂಬುವಿಕೆ

ತಳದ ವೃತ್ತವನ್ನು ಬರೀ ತಳಬಣ್ಣದಲ್ಲಿ 30 ಸುತ್ತು ಹೆಣೆಯಿರಿ. ಒಂದೇ ಬಣ್ಣವಾದರೂ ಅದೇ ಬಣ್ಣದ ಇನ್ನೊಂದು ಎಳೆಯನ್ನು ಒಳದಾರವಾಗಿ ಸಾಗಿಸಲೇಬೇಕು. ಇಲ್ಲದಿದ್ದರೆ ಹೊಲಿಗೆಗಳು ತೆಳುವಾಗಿ ವೃತ್ತದ ಗಾತ್ರ ಬೇರೆಯಾಗುತ್ತದೆ, ಅತ್ಯಂತ ಹೆಚ್ಚು ಸವೆಯುವ ಭಾಗವೇ ದುರ್ಬಲವಾಗುತ್ತದೆ.

ಒಳಚೀಲಕ್ಕೆ ಒತ್ತಾಗಿ ನೇಯ್ದ ಹತ್ತಿ ಬಟ್ಟೆಯಲ್ಲಿ 53 ಸೆಂ.ಮೀ. ವ್ಯಾಸದ ಎರಡು ವೃತ್ತಗಳನ್ನೂ, 160 ಸೆಂ.ಮೀ. ಉದ್ದ ಮತ್ತು 23 ಸೆಂ.ಮೀ. ಅಗಲದ ಒಂದು ಪಟ್ಟಿಯನ್ನೂ ಕತ್ತರಿಸಿ, 1.5 ಸೆಂ.ಮೀ. ಅಂಚು ಬಿಟ್ಟು ಹೊಲಿಯಿರಿ. ಹೆಣೆದ ಹೊದಿಕೆಯ ಪರಿಧಿ 150 ಸೆಂ.ಮೀ., ಅಂದರೆ ವ್ಯಾಸ ಸುಮಾರು 48 ಸೆಂ.ಮೀ.; ಒಳಚೀಲ ಅದಕ್ಕಿಂತ ಎರಡು ಸೆಂ.ಮೀ. ದೊಡ್ಡದಾಗಿರುವುದರಿಂದ ಹೊದಿಕೆ ಬಿಗಿಯಾಗಿ ನಿಂತು ಚಿತ್ತಾರ ಸುಕ್ಕಿಲ್ಲದೆ ಹರಡಿಕೊಳ್ಳುತ್ತದೆ. ತುಂಬಬೇಕಾದ ಜಾಗ ಸುಮಾರು 39 ಲೀಟರ್. ಬೂರುಗದ ಹತ್ತಿ ಹಗುರ, ಆದರೆ ಬೇಗ ಕುಗ್ಗುತ್ತದೆ. ಪಾಲಿಯೆಸ್ಟರ್ ನಾರು ಪುಟಿಯುತ್ತದೆ, ಒಂಟಿಯಾಗಿ ಬಳಸಿದರೆ ಕೂತಾಗ ನೆಲ ಮುಟ್ಟುತ್ತದೆ. ನಡುವಿಗೆ ಫೋಮ್ ಚೂರುಗಳನ್ನೋ ತುಂಡರಿಸಿದ ಹಳೆಯ ಬಟ್ಟೆಗಳನ್ನೋ ಒತ್ತಾಗಿ ತುಂಬಿ, ಸುತ್ತ ಮತ್ತು ಮೇಲೆ ನಾರಿನ ಪದರ ಹರಡುವುದು ಎಲ್ಲಕ್ಕಿಂತ ತೃಪ್ತಿಕರ. ಗೋಡೆ ಮತ್ತು ವೃತ್ತ ಕೂಡುವ ಮೂಲೆಗಳನ್ನು ಮೊದಲು ತುಂಬಿ, ನಡುವನ್ನು ಕೊನೆಗೆ ತುಂಬಿ.

ಗೋಡೆಯ ಅಂಚನ್ನೂ ತಳದ ಅಂಚನ್ನೂ 45 ಹೊಲಿಗೆಗಳಿಗೊಮ್ಮೆ ನಾಲ್ಕು ಕಡೆ ಮಾರ್ಕರ್‌ಗಳಿಂದ ಜೋಡಿಸಿ. ಒಳಮೈಗಳು ಒಂದಕ್ಕೊಂದು ಎದುರಾಗಿರಲಿ. ಅಂಚುಬಣ್ಣದ ದಾರದಿಂದ ಎರಡೂ ಅಂಚುಗಳಿಗೆ ಒಟ್ಟಿಗೆ ಕಡ್ಡಿ ತೂರಿಸಿ, ಹೊಲಿಗೆಗೆ ಹೊಲಿಗೆ ಸೇರಿಸುತ್ತಾ 90 ಸಿಂಗಲ್ ಕ್ರೋಶೆ ಹಾಕಿ. ಉಳಿದ ಅರ್ಧ, ಅಂದರೆ ಸುಮಾರು 75 ಸೆಂ.ಮೀ., ಬಾಯಿಯಾಗಿ ತೆರೆದಿರಲಿ. ಇದಕ್ಕಿಂತ ಚಿಕ್ಕ ಬಾಯಿಯಿಂದ ತುಂಬಿದ ಒಳಚೀಲವನ್ನು ತೂರಿಸುವುದು ಕಷ್ಟ. ಜಿಪ್ ಹೊಲಿಯಬಹುದು, ಆದರೆ ದಪ್ಪ ಕ್ರೋಶೆ ಬಟ್ಟೆಯ ಬಾಗಿದ ಅಂಚಿನಲ್ಲಿ ಅದು ಅಲೆಯಾಗಿ ಕೂರುತ್ತದೆ. ನಾನು ಮೆಚ್ಚುವುದು ಹೆಣೆದ ಲಾಡಿಯನ್ನು: ಎರಡು ಎಳೆ ದಾರದಿಂದ ಎರಡೂವರೆ ಮೀಟರ್ ಉದ್ದದ ಚೈನ್ ಹಾಕಿ, ಬಾಯಿಯ ಎರಡೂ ಅಂಚುಗಳ ಮೂಲಕ ಮೂರು ನಾಲ್ಕು ಹೊಲಿಗೆಗೊಮ್ಮೆ ಅಡ್ಡಡ್ಡವಾಗಿ ಪೋಣಿಸಿ, ಎಳೆದು ಕಟ್ಟಿ, ತುದಿಗಳನ್ನು ಒಳಗೆ ತೂರಿಸಿ.

ಹೊದಿಕೆಯನ್ನು ಒಗೆಯುವಾಗ ತಣ್ಣೀರಿನಲ್ಲಿ ಮೃದು ಸಾಬೂನು ಬಳಸಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ನೆರಳಿನಲ್ಲಿ ಹರಡಿ ಒಣಗಿಸಿ. ನೀರು ಕುಡಿದ ಹತ್ತಿ ಬಹಳ ಭಾರವಾಗುವುದರಿಂದ ತೂಗುಹಾಕಿದರೆ ಗೋಡೆಯ ಭಾಗ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಬಳಕೆಯಲ್ಲಿ ತುಂಬುವಿಕೆ ಕುಗ್ಗಿ ವಜ್ರಗಳು ಚಪ್ಪಟೆಯಾಗಿ ಕಂಡಾಗ ಲಾಡಿ ಬಿಚ್ಚಿ, ಒಳಚೀಲದ ಹೊಲಿಗೆಯನ್ನು ಒಂದು ಗೇಣಿನಷ್ಟು ತೆರೆದು, ಮೂಲೆಗಳಿಗೆ ಇನ್ನಷ್ಟು ನಾರು ತುಂಬಿ ಮತ್ತೆ ಹೊಲಿಯಿರಿ.